ಪದವಿ ತರಗತಿಯ ವಿದ್ಯಾರ್ಥಿಯೂ ಸಂಶೋಧನೆಯ ಅಧಿಕಾರವೂ

೧

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಪ್ರಾಚೀನರ ಸಂಪ್ರದಾಯ. ಗ್ರಂಥವನ್ನು ಓದತಕ್ಕವರು ಯಾರು, ಅದರಲ್ಲಿ ಹೇಳಿರತಕ್ಕುದೇನು, ಇವೆರಡಕ್ಕೂ ಇರುವ ನಂಟೇನು, ಓದಿದುದರ ಫಲವೇನು ಎಂಬ ಈ ನಾಲ್ಕರಲ್ಲಿ ಅಧಿಕಾರಿಯ ವಿಚಾರವೇ ಮೊದಲನೆಯದು. ಅದು ನಿಶ್ಚಯವಾಗದೆ ಮಿಕ್ಕ ಮೂರೂ ನಿಲ್ಲಲಾರವು. ಈಗಿನ ಕಾಲೇಜುಗಳಲ್ಲಿ ಸಂಶೋಧನೆಯ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಯೂ ಇದೇ ಆಗಿದೆ. ಸಂಶೋಧನೆಗೆ ಅಧಿಕಾರಿ ಯಾರು? ಎಂ. ಎ. ಮುಗಿಸಿ ಪಿಎಚ್. ಡಿ.ಗೆ ಹೆಸರು ಬರೆಸಿಕೊಂಡವನು ಮಾತ್ರವೋ, ಇಲ್ಲವೆ ಪದವಿ ತರಗತಿಯಲ್ಲಿ ಓದುತ್ತಿರುವ ಹದಿನೆಂಟು ಇಪ್ಪತ್ತು ವಯಸ್ಸಿನ ಬಾಲಕ ಬಾಲಕಿಯರೂ ಅದಕ್ಕೆ ತಕ್ಕವರೋ?

ಪೂರ್ವಪಕ್ಷವು ಬಲವಾದುದೇ. ಪದವಿಯ ವಿದ್ಯಾರ್ಥಿಯು ಇನ್ನೂ ಕಲಿಯುವವನು. ಹಳಗನ್ನಡದ ಒಂದು ಪದ್ಯವನ್ನು ಅನ್ವಯಮಾಡಿ ಅರ್ಥ ಹೇಳುವುದಕ್ಕೆ ತಡವರಿಸುವವನು ಪಾಠಾಂತರಗಳನ್ನು ಕುರಿತು ಏನನ್ನು ನಿರ್ಣಯಿಸಬಲ್ಲನು? ಮೊದಲು ಗ್ರಂಥಗಳು ಕರಗತವಾಗಲಿ, ವಿಚಾರವು ಆಮೇಲೆ ಬರಲಿ, ಎಂಬುದು ಅನೇಕ ಅಧ್ಯಾಪಕರ ಅಭಿಪ್ರಾಯ. ಇದಕ್ಕೆ ಪ್ರತಿಯಾಗಿ, ಈಜನ್ನು ಪೂರ್ತಿ ಕಲಿತ ಮೇಲೆಯೇ ನೀರಿಗಿಳಿಯುವೆನೆಂದವನು ಎಂದಾದರೂ ಈಜನ್ನು ಕಲಿತುದುಂಟೆ ಎಂದು ಕೇಳುವವರೂ ಉಂಟು. ಇಂಥ ವಿವಾದವು ತರ್ಕದಿಂದ ಮಾತ್ರ ಕೊನೆಗಾಣದು. ನಡೆದ ಸಂಗತಿಗಳನ್ನು ನೋಡಬೇಕು. ಅದೃಷ್ಟವಶಾತ್ ಬೆಂಗಳೂರಿನಲ್ಲಿಯೇ ಈ ವಿಷಯಕ್ಕೆ ನೂರು ವರ್ಷಗಳಿಗೆ ಮೀರಿದ ಚರಿತ್ರೆಯಿದೆ.

ಈ ಚರಿತ್ರೆಯನ್ನು ಈಗ ನೆನೆಯುವುದಕ್ಕೆ ಕಾರಣವೂ ಒದಗಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಕರ್ನಾಟಕದಲ್ಲಿ ೨೦೨೧–೨೨ರಿಂದ ನಾಲ್ಕು ವರ್ಷಗಳ ಆನರ್ಸ್ ಪದವಿಯು ಆರಂಭವಾಯಿತು. ನಾಲ್ಕನೆಯ ವರ್ಷದಲ್ಲಿ ಸಂಶೋಧನೆಗೆ ಎಡೆಯಿದ್ದಿತು. ೨೦೨೪ರ ಮೇ ತಿಂಗಳಿನ ಸರಕಾರದ ಆಜ್ಞೆಯಿಂದ ಆ ವ್ಯವಸ್ಥೆಯು ನಿಂತು, ೨೦೨೪–೨೫ರಿಂದ ಮೂರು ವರ್ಷಗಳ ಪದವಿಯೇ ಮರಳಿ ಬಂದಿತು. ಆ ಆಜ್ಞೆಯ ಗುಣದೋಷಗಳು ಇಲ್ಲಿಯ ವಿಷಯವಲ್ಲ. ನಾಲ್ಕನೆಯ ವರ್ಷವು ಹೋದ ಮಾತ್ರಕ್ಕೆ ಪದವಿ ವಿದ್ಯಾರ್ಥಿಯ ಸಂಶೋಧನೆಯೂ ಹೋಗಬೇಕೆ ಎಂಬುದೇ ವಿಚಾರಣೀಯವಾದ ಅಂಶ.

೨

ಮೊದಲು ಹಿಂದಿನ ಪಾಠಶಾಲೆಗಳ ಕ್ರಮವನ್ನು ನೋಡಬಹುದು. ಸಂಸ್ಕೃತ ಪಾಠಶಾಲೆಗಳಲ್ಲಿ ಕಂಠಪಾಠಕ್ಕೇ ಪ್ರಾಧಾನ್ಯ, ಸ್ವತಂತ್ರ ವಿಚಾರಕ್ಕೆ ಎಡೆಯಿಲ್ಲ ಎಂಬ ಮಾತು ಬಹಳವಾಗಿ ಕೇಳಿಬರುವುದು. ಇದು ಅರ್ಧಸತ್ಯ. ಅಮರವೂ ರೂಪಾವಳಿಯೂ ಬಾಯಿಗೆ ಬಂದ ಮೇಲೆ ಕಾವ್ಯ, ಅನಂತರ ಶಾಸ್ತ್ರ; ಶಾಸ್ತ್ರಕ್ಕೆ ಬಂದೊಡನೆ ವಾಕ್ಯಾರ್ಥ. ಗುರುವು ಒಂದು ಪಂಕ್ತಿಯನ್ನು ಕೊಟ್ಟು ಅದರ ಮೇಲೆ ಪೂರ್ವಪಕ್ಷವನ್ನು ಶಿಷ್ಯನಿಂದಲೇ ಮಾಡಿಸುವನು. ಶಿಷ್ಯನು ಎಡವಿದೆಡೆಯಲ್ಲಿ ಸಹಾಧ್ಯಾಯಿಯು ಎತ್ತಿಹಿಡಿಯುವನು. ವಿದ್ಯೆಯ ಕಾಲುಭಾಗ ಆಚಾರ್ಯನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಜೊತೆಯವರಿಂದ, ಉಳಿದ ಕಾಲುಭಾಗ ಕಾಲಕ್ರಮದಿಂದ ಬರತಕ್ಕುದೆಂದು ಹಿರಿಯರು ಹೇಳಿರುವುದು ಈ ಅನುಭವದಿಂದಲೇ. ಇದರಲ್ಲಿ ಆಚಾರ್ಯನ ಪಾಲು ಕಾಲೇ ಆದರೂ ಅದಿಲ್ಲದೆ ಮಿಕ್ಕ ಮುಕ್ಕಾಲು ಹುಟ್ಟುವುದಿಲ್ಲವೆಂಬುದನ್ನು ಗಮನಿಸಬೇಕು.

ಆದರೆ ಆ ಕ್ರಮಕ್ಕೆ ಒಂದು ಎಲ್ಲೆಯಿದ್ದಿತು. ವಾಕ್ಯಾರ್ಥದಲ್ಲಿ ಸಿದ್ಧಾಂತವು ಮೊದಲೇ ಗೊತ್ತಾದುದು. ಶಿಷ್ಯನು ಅದನ್ನು ಸಮರ್ಥಿಸುವ ದಾರಿಯನ್ನು ಹುಡುಕುವನೇ ಹೊರತು ಯಾರಿಗೂ ತಿಳಿಯದ ಸಂಗತಿಯನ್ನು ಹುಡುಕುವುದಿಲ್ಲ. ಹೊಸ ಸಂಗತಿಯ ಅನ್ವೇಷಣೆಯು ಬೇರೆಯೇ ಆದ ವ್ಯಾಪಾರ. ಈ ಎರಡರ ಸಮಾಗಮಕ್ಕೆ ಮೈಸೂರಿನಲ್ಲಿ ಉತ್ತಮವಾದ ನಿದರ್ಶನವಿದೆ. ೧೮೯೧ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದರು. ಪಂಡಿತರ ವ್ಯುತ್ಪತ್ತಿಯು ಹೊಸ ಅನ್ವೇಷಣೆಯ ದೃಷ್ಟಿಯೊಡನೆ ಕೂಡಿದಾಗ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಇತ್ತ ಇಂಗ್ಲಿಷ್ ಕಾಲೇಜುಗಳ ಸ್ಥಿತಿಯು ಬೇರೆ ವಿಧವಾದುದು. ೧೮೫೭ರಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾನಿಲಯವು ಲಂಡನ್ನಿನ ಮಾದರಿಯಲ್ಲಿ ಪರೀಕ್ಷೆ ನಡೆಸುವ ಸಂಸ್ಥೆಯಾಗಿದ್ದಿತು. ಪಾಠ ಹೇಳುವುದು ಅದಕ್ಕೆ ಸೇರಿದ ಕಾಲೇಜುಗಳ ಕೆಲಸ. ೧೮೫೮ರಲ್ಲಿ ಬೆಂಗಳೂರು ಹೈಸ್ಕೂಲೆಂದು ಆರಂಭವಾಗಿ ೧೮೭೫ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆದ ವಿದ್ಯಾಶಾಲೆಯೂ ಮದರಾಸಿನ ಪರೀಕ್ಷೆಗಳಿಗೇ ವಿದ್ಯಾರ್ಥಿಗಳನ್ನು ಸಿದ್ಧಪಡಿಸುತ್ತಿದ್ದಿತು. ಪಠ್ಯವೂ ಪ್ರಶ್ನೆಯೂ ಹೊರಗಿನಿಂದ ಬರುವ ಕಡೆ ಅಧ್ಯಾಪಕನು ತನ್ನ ಶಿಷ್ಯನೊಡನೆ ಹೊಸದೊಂದನ್ನು ಹುಡುಕುವುದಕ್ಕೆ ಹೊರಟರೆ ಅದು ಅವನ ಸ್ವಂತ ಉತ್ಸಾಹದಿಂದ ಮಾತ್ರ ನಡೆಯಬೇಕಾಗಿದ್ದಿತು.

ಆ ಕಾಲದಲ್ಲಿಯೂ ಅಧಿಕಾರದ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯು ತಾನೇ ಬಿಡಿಸಿದನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಿ. ವಿ. ರಾಮನ್ನರು ೧೯೦೪ರಲ್ಲಿ ಬಿ. ಎ. ಪದವಿಯನ್ನೂ ೧೯೦೭ರಲ್ಲಿ ಎಂ. ಎ. ಪದವಿಯನ್ನೂ ಪಡೆದರು. ಈ ಎರಡರ ನಡುವೆ, ೧೯೦೬ರ ನವೆಂಬರಿನಲ್ಲಿ, ಬೆಳಕಿನ ವಿವರ್ತನೆಯನ್ನು ಕುರಿತ ಅವರ ಮೊದಲನೆಯ ಲೇಖನವು ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವರ ವಯಸ್ಸು ಹದಿನೆಂಟು. ಕಾಲೇಜು ಅವರಿಗೆ ಕೊಟ್ಟುದು ಹೆಚ್ಚೇನೂ ಅಲ್ಲ: ಪ್ರಯೋಗಶಾಲೆಯನ್ನು ಬಳಸಿಕೊಳ್ಳುವ ಸ್ವಾತಂತ್ರ್ಯ, ಅಷ್ಟೆ. ಅಸಾಧಾರಣ ಪ್ರತಿಭೆಗೆ ಅಷ್ಟು ಸಾಕಾಯಿತು. ಆದರೆ ವಿದ್ಯಾವ್ಯವಸ್ಥೆಯೆಂಬುದು ಅಸಾಧಾರಣರಿಗೋಸ್ಕರ ಮಾತ್ರ ಏರ್ಪಟ್ಟುದಲ್ಲ. ಸಾಮಾನ್ಯ ಬುದ್ಧಿಯ ವಿದ್ಯಾರ್ಥಿಗೆ ತೆರೆದ ಬಾಗಿಲಿನ ಜೊತೆಗೆ ಒಳಗೆ ಕೈಹಿಡಿದು ಕರೆದೊಯ್ಯುವವರೂ ಬೇಕು.

೩

೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದಕ್ಕೆ ಒಂದು ವರ್ಷ ಮೊದಲು, ೧೯೧೫ರಲ್ಲಿ, ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದ್ದಿತು. ಪರಿಷತ್ತಿನ ಮೊದಲನೆಯ ಅಧ್ಯಕ್ಷರಾದ ಎಚ್. ವಿ. ನಂಜುಂಡಯ್ಯನವರೇ ವಿಶ್ವವಿದ್ಯಾನಿಲಯದ ಮೊದಲನೆಯ ವೈಸ್ ಛಾನ್ಸಲರೂ ಆದರು. ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಹೊಸ ವಿಶ್ವವಿದ್ಯಾನಿಲಯದ ಎರಡು ಕಣ್ಣುಗಳಾದುವು. ಪರೀಕ್ಷೆಯ ಅಧಿಕಾರವು ಪಾಠ ಹೇಳುವವರ ಕೈಗೇ ಬಂದಿತು. ಇದರ ಫಲವು ಪಠ್ಯಕ್ರಮಕ್ಕಿಂತ ಮೊದಲು ಪಠ್ಯಕ್ರಮದ ಹೊರಗೆ ಕಾಣಿಸಿಕೊಂಡಿತು.

ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರಾದ ಬೆಳ್ಳಾವೆ ವೆಂಕಟನಾರಣಪ್ಪನವರು (೧೮೭೨–೧೯೪೩) ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ೧೯೧೮ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಿದುದು ಸುಮಾರು ಎರಡು ವರ್ಷ. ಆದರೂ ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಇದೇ ಭೌತಶಾಸ್ತ್ರದ ಉಪಾಧ್ಯಾಯರು ಪಂಪಭಾರತವನ್ನು ಪರಿಷ್ಕರಿಸಿದವರೂ ಹೌದು. ೧೮೯೮ರಲ್ಲಿ ಬಿ. ಎಲ್. ರೈಸರು ಮೊದಲು ಅಚ್ಚುಹಾಕಿಸಿದ್ದ ಆ ಕಾವ್ಯವು ವೆಂಕಟನಾರಣಪ್ಪನವರ ಸಂಪಾದಕತ್ವದಲ್ಲಿ ೧೯೩೧ರಲ್ಲಿ ಪರಿಷತ್ತಿನಿಂದ ಹೊರಬಂದಿತು. ಪ್ರಯೋಗಶಾಲೆಯಲ್ಲಿ ಅಳತೆಯ ತಪ್ಪನ್ನು ಹುಡುಕುವ ಎಚ್ಚರವೂ ಓಲೆಯ ಪ್ರತಿಗಳಲ್ಲಿ ಲಿಪಿಕಾರನ ತಪ್ಪನ್ನು ಹುಡುಕುವ ಎಚ್ಚರವೂ ಬೇರೆ ಬೇರೆಯಲ್ಲವೆಂಬುದಕ್ಕೆ ಅವರ ಜೀವಿತವೇ ಸಾಕ್ಷಿಯಾಗಿದೆ. ಅಂಥವರನ್ನು ಕಣ್ಣೆದುರಿಗೆ ಕಂಡ ವಿದ್ಯಾರ್ಥಿಗೆ ಸಂಶೋಧನೆಯೆಂದರೇನೆಂದು ಬೇರೆಯಾಗಿ ಬೋಧಿಸಬೇಕಾಗಿರಲಿಲ್ಲ.

ಇದೇ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು (೧೮೯೦–೧೯೬೮) ಕರ್ನಾಟಕ ಸಂಘವನ್ನು ಕಟ್ಟಿದರು. ಆಗಿನ ಕಾಲೇಜುಗಳಲ್ಲಿ ಸಭೆಗಳೂ ಚರ್ಚೆಗಳೂ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದುವು. ಕನ್ನಡದಲ್ಲಿ ಗಂಭೀರವಾದ ವಿಷಯವನ್ನು ಮಾತನಾಡುವುದೇ ವಿದ್ಯಾವಂತರಿಗೆ ಸಂಕೋಚವಾಗಿ ತೋರುತ್ತಿದ್ದಿತು. ಸಂಘವು ಆ ಸಂಕೋಚವನ್ನು ಹೋಗಲಾಡಿಸಿತು. ಸಂಘದ ಪರವಾಗಿ ೧೯೧೯ರಲ್ಲಿ ‘ಪ್ರಬುದ್ಧ ಕರ್ನಾಟಕ’ವೆಂಬ ತ್ರೈಮಾಸಿಕ ಪತ್ರಿಕೆಯು ಹೊರಟಿತು, ಮುಂದೆ ಅದು ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದು ನಾಡಿನ ಮುಖ್ಯವಾದ ವಿದ್ವತ್ಪತ್ರಿಕೆಗಳಲ್ಲಿ ಒಂದಾಯಿತು. ನಾಡಿನ ವಿದ್ವಾಂಸರೆಲ್ಲ ಬರೆದ ಆ ಪತ್ರಿಕೆಯ ಮೂಲವು ಒಂದು ಕಾಲೇಜಿನ ವಿದ್ಯಾರ್ಥಿಸಂಘವೆಂಬುದನ್ನು ಮರೆಯಬಾರದು.

ಈ ಏರ್ಪಾಡಿನಲ್ಲಿ ಮೂರು ಅಂಶಗಳು ಗಮನಾರ್ಹವಾದುವು. ಮೊದಲನೆಯದು ಕೇಳುವವರಿದ್ದುದು. ವಿದ್ಯಾರ್ಥಿಯು ಪರೀಕ್ಷಕನೊಬ್ಬನಿಗಾಗಿ ಬರೆಯುವುದಕ್ಕೂ ಪ್ರಶ್ನೆ ಕೇಳಬಲ್ಲ ಸಭೆಗಾಗಿ ಬರೆಯುವುದಕ್ಕೂ ಬಹಳ ಅಂತರವಿದೆ. ಎರಡನೆಯದು ಅಚ್ಚಿನ ಅವಕಾಶ. ಅಚ್ಚಾಗತಕ್ಕುದೆಂದು ತಿಳಿದೊಡನೆಯೇ ಲೇಖಕನು ತನ್ನ ಪ್ರಮಾಣಗಳನ್ನು ಮತ್ತೊಮ್ಮೆ ನೋಡಿಕೊಳ್ಳುವನು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹಿರಿಯರು ತಾವೂ ಅದೇ ಕೆಲಸದಲ್ಲಿ ತೊಡಗಿದ್ದುದು. ಕೃಷ್ಣಶಾಸ್ತ್ರಿಗಳೂ ಅವರ ಮಿತ್ರರಾದ ಟಿ. ಎಸ್. ವೆಂಕಣ್ಣಯ್ಯನವರೂ (೧೮೮೫–೧೯೩೯) ಕನ್ನಡದ ಅಶ್ವಿನೀದೇವತೆಗಳೆಂದು ಹೆಸರಾದರು. ಆ ದೇವತೆಗಳು ವೈದ್ಯರು. ಈ ಇಬ್ಬರೂ ಕಿರಿಯರ ಬರೆಹಕ್ಕೆ ಚಿಕಿತ್ಸೆ ಮಾಡಿದವರು.

ಮೈಸೂರಿನಲ್ಲಿ ೧೯೨೭ರಲ್ಲಿ ಕನ್ನಡ ಎಂ. ಎ. ತರಗತಿಯು ಆರಂಭವಾಗಿ ವೆಂಕಣ್ಣಯ್ಯನವರ ಸುತ್ತಲೂ ಶಿಷ್ಯವರ್ಗವು ಕೂಡಿತು. ಮುಂದೆ ಕವಿಗಳಾಗಿ ಖ್ಯಾತರಾದ ಕುವೆಂಪು, ಗ್ರಂಥಸಂಪಾದನೆಯಲ್ಲಿ ಅದ್ವಿತೀಯರಾದ ಡಿ. ಎಲ್. ನರಸಿಂಹಾಚಾರ್ಯರು, ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃಗಳಾದ ತೀ. ನಂ. ಶ್ರೀಕಂಠಯ್ಯನವರು ಈ ವರ್ಗಕ್ಕೆ ಸೇರಿದವರು. ವೆಂಕಣ್ಣಯ್ಯನವರು ತಾವು ಬರೆದುದು ಮಿತವಾದುದು. ಶಿಷ್ಯರಲ್ಲಿ ಅವರು ಬರೆಸಿದುದು ಅಪಾರವಾದುದು. ೧೯೪೯ರಲ್ಲಿ ಹೊರಬಂದ ‘ಶ್ರೀರಾಮಾಯಣದರ್ಶನಂ’ ಮಹಾಕಾವ್ಯವು ಆಗಲೆ ದಿವಂಗತರಾಗಿದ್ದ ಆ ಗುರುವಿಗೆ ಅರ್ಪಿತವಾಯಿತು. ಅದೇ ೧೯೪೯ರಲ್ಲಿ ನರಸಿಂಹಾಚಾರ್ಯರ ‘ವಡ್ಡಾರಾಧನೆ’ಯ ಪರಿಷ್ಕರಣವೂ ಪ್ರಕಟವಾಯಿತು. ಒಬ್ಬ ಗುರುವಿನ ಶಿಷ್ಯರಲ್ಲಿ ಒಬ್ಬರಿಂದ ಮಹಾಕಾವ್ಯ, ಮತ್ತೊಬ್ಬರಿಂದ ಶಾಸ್ತ್ರೀಯ ಸಂಪಾದನೆ. ಒಳ್ಳೆಯ ಗುರುವು ಶಿಷ್ಯರನ್ನು ತನ್ನ ಅಚ್ಚಿನಲ್ಲಿ ಎರಕಹೊಯ್ಯುವುದಿಲ್ಲವೆಂಬುದು ಇದರಿಂದ ತಿಳಿಯಬರುವುದು.

ಮಾರ್ಗದರ್ಶನಕ್ಕೆ ದೀರ್ಘಕಾಲವೇ ಬೇಕೆಂಬ ನಿಯಮವೂ ಇಲ್ಲ. ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆಯುತ್ತಿದ್ದ ಕುವೆಂಪು ಅವರು ೧೯೨೪ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರನ್ನು ಕಂಡರು. ಮಾತೃಭಾಷೆಯಲ್ಲಿ ಬರೆಯಬೇಕೆಂದು ಕಸಿನ್ಸರು ಹೇಳಿದ ಒಂದು ಮಾತು ಕನ್ನಡ ಸಾಹಿತ್ಯದ ಗತಿಯನ್ನೇ ತಿರುಗಿಸಿತು. ಇದು ಸಂಶೋಧನೆಯ ವಿಷಯವಲ್ಲ, ಕಾವ್ಯದ ವಿಷಯ. ಆದರೂ ತಕ್ಕ ಸಮಯದಲ್ಲಿ ಹಿರಿಯರು ಆಡಿದ ತಕ್ಕ ಮಾತಿನ ಬೆಲೆ ಎರಡು ಕಡೆಯೂ ಒಂದೇ.

ಮುಂದೆ ಜಿ. ಪಿ. ರಾಜರತ್ನಂ (೧೯೦೯–೧೯೭೯) ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಪರಂಪರೆಯನ್ನು ಬೆಳೆಸಿದರು. ಬರೆಯುವ ಹಂಬಲವುಳ್ಳ ವಿದ್ಯಾರ್ಥಿಗಳ ಬೆನ್ನಿಗೆ ನಿಂತು ಅವರ ಬರೆಹಗಳನ್ನು ಬೆಳಕಿಗೆ ತರುವುದನ್ನು ಅವರು ಪಾಠ ಹೇಳುವಷ್ಟೇ ಮುಖ್ಯವಾದ ಕರ್ತವ್ಯವೆಂದು ಭಾವಿಸಿದ್ದರು.

೪

ಈ ಬಗೆಯ ವ್ಯವಸ್ಥೆಯು ಹೊರದೇಶಗಳಲ್ಲಿ ಹೇಗೆ ರೂಪುಗೊಂಡಿತೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಜರ್ಮನಿಯಲ್ಲಿ ಎಫ್. ಎ. ವೋಲ್ಫನು ೧೭೮೭ರಲ್ಲಿ ಹಾಲೆ ವಿಶ್ವವಿದ್ಯಾನಿಲಯದಲ್ಲಿ ಭಾಷಾಶಾಸ್ತ್ರದ ಸೆಮಿನಾರನ್ನು ಸ್ಥಾಪಿಸಿದನು. ಆಯ್ದ ವಿದ್ಯಾರ್ಥಿಗಳು ಗ್ರೀಕ್ ಲ್ಯಾಟಿನ್ ಗ್ರಂಥಭಾಗಗಳನ್ನು ವ್ಯಾಖ್ಯಾನಿಸಿ ಪರಸ್ಪರ ವಿಮರ್ಶಿಸಬೇಕಾಗಿದ್ದಿತು. ವಾಕ್ಯಾರ್ಥವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿದ್ವತ್ತು ಪ್ರಪಂಚಕ್ಕೆ ಮಾದರಿಯಾದುದಕ್ಕೆ ಇಂಥ ಸೆಮಿನಾರುಗಳು ಮುಖ್ಯ ಕಾರಣ. ಸಾಹಿತ್ಯದ ಅಧ್ಯಾಪಕರು ನೆನಪಿನಲ್ಲಿಡಬೇಕಾದುದೇನೆಂದರೆ, ವಿದ್ಯಾರ್ಥಿಸಂಶೋಧನೆಯ ಈ ಕ್ರಮವು ರಸಾಯನದ ಪ್ರಯೋಗಶಾಲೆಗಿಂತ ಮೊದಲೇ ಪ್ರಾಚೀನ ಭಾಷೆಗಳ ತರಗತಿಯಲ್ಲಿ ನೆಲೆಗೊಂಡಿದ್ದಿತು.

ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ೧೯೬೯ರಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಎಂಬ ವಿದುಷಿಯು ಪದವಿ ವಿದ್ಯಾರ್ಥಿಗಳಿಗಾಗಿಯೇ ಸಂಶೋಧನೆಯ ಯೋಜನೆಯೊಂದನ್ನು ಆರಂಭಿಸಿದಳು. ವಿದ್ಯಾರ್ಥಿಯು ಅಧ್ಯಾಪಕರ ಸಂಶೋಧನೆಯಲ್ಲಿ ಕಿರಿಯ ಸಹೋದ್ಯೋಗಿಯಾಗಿ ಸೇರುವನು. ಆ ಕೆಲಸಕ್ಕೆ ವೇತನವೋ ಅಂಕವೋ ದೊರೆಯುವುದು. ಮುಂದೆ ಅನೇಕ ವಿಶ್ವವಿದ್ಯಾನಿಲಯಗಳು ಇದನ್ನು ಅನುಸರಿಸಿದುವು. ವಿದ್ಯಾರ್ಥಿಯ ಶ್ರಮವನ್ನು ಕೇವಲ ಉತ್ಸಾಹವೆಂದು ತಳ್ಳಿಹಾಕದೆ ಗಣನೆಗೆ ತಂದುದೇ ಅದರ ಯಶಸ್ಸಿನ ಗುಟ್ಟು.

೫

ಬೆಂಗಳೂರಿನ ವಿಜ್ಞಾನಕ್ಷೇತ್ರದಲ್ಲಿಯೂ ಈ ದಾರಿಯು ಕ್ರಮೇಣ ವಿಶಾಲವಾಯಿತು. ರಾಮನ್ನರು ತಮ್ಮ ಪ್ರಸಿದ್ಧವಾದ ಪರಿಣಾಮವನ್ನು ಕುರಿತು ೧೯೨೮ರ ಮಾರ್ಚ್ ೧೬ರಂದು ಉಪನ್ಯಾಸ ಮಾಡಿದುದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನಸಂಘದ ಸಭೆಯಲ್ಲಿ. ೧೯೩೪ರಲ್ಲಿ ಅವರು ಇಲ್ಲಿಯೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ೧೯೬೨ರಲ್ಲಿ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಮ್ಮನ್ನು ಆರಂಭಿಸಿ, ವಿಜ್ಞಾನಿಗಳನ್ನು ವಾರವಾರವೂ ವಿದ್ಯಾರ್ಥಿಗಳ ಮತ್ತು ನಾಗರಿಕರ ಎದುರಿಗೆ ಕರೆತಂದರು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಹುಟ್ಟಿತು. ನರಸಿಂಹಯ್ಯನವರು ೧೯೭೨ರಿಂದ ೧೯೭೭ರವರೆಗೆ ಅದರ ಉಪಕುಲಪತಿಗಳಾಗಿದ್ದರು.

೧೯೯೦ರ ದಶಕದಲ್ಲಿ ಅಕಾಡೆಮಿಯು ಬೇಸಗೆಯ ಸಂಶೋಧನವೇತನಗಳನ್ನು ಏರ್ಪಡಿಸಿತು. ಮುಂದೆ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳೂ ಅದರಲ್ಲಿ ಸೇರಿದುವು. ಕಾಲೇಜಿನ ವಿದ್ಯಾರ್ಥಿಯು ರಜೆಯ ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿಯಿದ್ದು ಕೆಲಸ ಕಲಿಯುವ ಕ್ರಮವಿದು. ಇದರ ಒಂದು ವಿಶೇಷವು ಪ್ರಶಂಸಾರ್ಹವಾದುದು: ವೇತನಗಳು ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಕಾಲೇಜುಗಳ ಅಧ್ಯಾಪಕರಿಗೂ ಉಂಟು. ಗುರುವಿನ ಸಂಶೋಧನೆಯು ಬತ್ತಿದರೆ ಶಿಷ್ಯನಿಗೆ ದೊರೆಯುವುದೇನು? ೧೯೯೬ರಲ್ಲಿ ಅಕಾಡೆಮಿಯು ಪದವಿ ತರಗತಿಗಳ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಉದ್ದೇಶಿಸಿ ‘ರೆಸೊನೆನ್ಸ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರವೂ ಬೇಸಗೆಯ ಶಿಷ್ಯವೇತನಗಳನ್ನು ನಡೆಸಿಕೊಂಡು ಬಂದಿದೆ.

ಕೇಂದ್ರ ಸರಕಾರದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯು ೧೯೯೯ರಲ್ಲಿ ಆರಂಭವಾಯಿತು. ಭಾರತೀಯ ವಿಜ್ಞಾನ ಮಂದಿರದ ಮೂಲಕ ನಡೆಯುತ್ತಿದ್ದ ಅದು ೨೦೨೨ರಲ್ಲಿ ಇನ್‌ಸ್ಪೈರ್ ಎಂಬ ಮತ್ತೊಂದು ಯೋಜನೆಯಲ್ಲಿ ಲೀನವಾಯಿತು. ಇನ್‌ಸ್ಪೈರ್ ಶಿಷ್ಯವೇತನದ ನಿಬಂಧನೆಯಂತೆ ವರ್ಷಕ್ಕೆ ೮೦,೦೦೦ ರೂಪಾಯಿ. ಅದರಲ್ಲಿ ೬೦,೦೦೦ ವಿದ್ಯಾರ್ಥಿಯ ವೆಚ್ಚಕ್ಕೆ, ೨೦,೦೦೦ ಮಾರ್ಗದರ್ಶಕರೊಬ್ಬರ ಬಳಿ ಬೇಸಗೆಯ ಸಂಶೋಧನೆ ನಡೆಸುವುದಕ್ಕೆ. ೧೯೦೯ರಲ್ಲಿ ಸ್ಥಾಪಿತವಾಗಿ ನೂರು ವರ್ಷಗಳ ಕಾಲ ಪದವಿಯ ಮೇಲಣ ವಿದ್ಯೆಗೆ ಮಾತ್ರ ಮೀಸಲಾಗಿದ್ದ ವಿಜ್ಞಾನ ಮಂದಿರವೇ ೨೦೧೧ರಲ್ಲಿ ನಾಲ್ಕು ವರ್ಷಗಳ ಪದವಿ ತರಗತಿಯನ್ನು ತೆರೆಯಿತು. ಅದರ ಕೊನೆಯ ವರ್ಷದಲ್ಲಿ ಸಂಶೋಧನೆಯ ಕೆಲಸವು ಸೇರಿದೆ. ಅಧಿಕಾರಿ ಯಾರೆಂಬ ಪ್ರಶ್ನೆಗೆ ವಿಜ್ಞಾನದ ಕಡೆಯಿಂದ ಉತ್ತರವು ಹೀಗೆ ಬಂದಂತಾಯಿತು.

೬

ಈ ಯೋಜನೆಗಳಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಸ್ಥಾನವಿಲ್ಲ. ಬೆಂಗಳೂರಿನ ಪಶ್ಚಿಮಭಾಗದ ನಂದಿನಿ ಲೇಔಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯಶವಂತಪುರದ ಆಚೆಯ ಈ ಬಡಾವಣೆಗೆ ವಿಜ್ಞಾನ ಮಂದಿರವು ಕೆಲವೇ ಮೈಲಿಗಳ ದೂರ. ಪೀಣ್ಯದ ಕಾರ್ಖಾನೆಗಳು ಇನ್ನೊಂದು ದಿಕ್ಕಿನಲ್ಲಿವೆ. ಇಲ್ಲಿಯ ಮನೆಯೊಂದರಿಂದ ಬಿ. ಎಸ್‌ಸಿ. ತರಗತಿಗೆ ಹೋಗುವ ಹುಡುಗಿಗೆ ಬೇಸಗೆಯಲ್ಲಿ ಅರ್ಜಿ ಹಾಕಿಕೊಳ್ಳುವುದಕ್ಕೆ ಹಲವು ಬಾಗಿಲುಗಳುಂಟು. ಅದೇ ಮನೆಯಿಂದ ಕನ್ನಡವನ್ನೋ ಚರಿತ್ರೆಯನ್ನೋ ಮುಖ್ಯವಿಷಯವಾಗಿ ಓದಲು ಹೋಗುವ ತಂಗಿಗೆ ಆ ಬಾಗಿಲುಗಳಲ್ಲಿ ಒಂದೂ ತೆರೆಯದು. ಅವಳಿಗಿರುವ ಆಶ್ರಯ ಅವಳ ಕಾಲೇಜಿನ ಅಧ್ಯಾಪಕರೊಬ್ಬರೇ.

ಆದರೆ ಅವಳಿಗೆ ಸಾಮಗ್ರಿಯ ಕೊರತೆಯುಂಟೆ? ಮನೆಯ ಸುತ್ತಲೂ ಇರುವ ಊರ ಹೆಸರುಗಳನ್ನೇ ನೋಡಬಹುದು: ಲಗ್ಗೆರೆ, ಗೊರಗುಂಟೆಪಾಳ್ಯ, ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ. ಲಗ್ಗೆರೆಯ ಕೊನೆಯಲ್ಲಿರುವುದು ‘ಕೆರೆ’ಯೇ, ಕಕ್ಕೆ ಗ ಬಂದ ಆದೇಶಸಂಧಿಯೇ? ಹಾಗಾದರೆ ಪೂರ್ವಪದವು ಯಾವುದು? ಗೊರಗುಂಟೆಯಲ್ಲಿ ‘ಕುಂಟೆ’ಯಿರಬಹುದೆ? ‘ಪಾಳ್ಯ’ವು ದಂಡು ಬೀಡುಬಿಟ್ಟುದರ ಗುರುತೋ, ಹೊಸ ಕೇರಿಗೆ ಇಟ್ಟ ಹೆಸರೋ? ಕೇತಮಾರನು ಯಾರು? ಕೇಶಿರಾಜನ ಸೂತ್ರಗಳನ್ನು ಪರೀಕ್ಷೆಗಾಗಿ ಉರುಹಾಕುವ ವಿದ್ಯಾರ್ಥಿನಿಗೆ ಅದೇ ಸೂತ್ರವು ತಾನು ಬಸ್ಸಿಗೆ ಕಾಯುವ ನಿಲ್ದಾಣದ ಹೆಸರಿನಲ್ಲಿ ಕಾಣಿಸಿಕೊಂಡರೆ ವ್ಯಾಕರಣದ ಮೇಲಿನ ಭಯವು ಕುತೂಹಲವಾಗಿ ಮಾರ್ಪಡುವುದು. ಇಂಥ ಪ್ರಶ್ನೆಗಳಿಗೆ ಉತ್ತರವನ್ನು ಊಹಿಸುವುದು ಸುಲಭ. ಆಧಾರವನ್ನು ಕೊಡುವುದು ಕಷ್ಟ. ರೈಸರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಕಂದಾಯದ ಹಳೆಯ ದಾಖಲೆಗಳಿವೆ. ಊರಿನ ಮುದುಕರ ನೆನಪುಗಳಿವೆ. ಇವನ್ನು ಹೇಗೆ ಓದಬೇಕು, ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ತೋರಿಸಿಕೊಡುವುದೇ ಮಾರ್ಗದರ್ಶನ.

ಊಹೆಗೂ ಆಧಾರಕ್ಕೂ ಇರುವ ಅಂತರವನ್ನು ತಿಳಿಸುವುದಕ್ಕೆ ಬೆಂಗಳೂರಿನ ಹೆಸರೇ ಒಳ್ಳೆಯ ಪಾಠವಾಗಿದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಊರಿಗೆ ಬೆಂದಕಾಳೂರೆಂಬ ಹೆಸರು ಬಂದಿತೆಂಬ ಕಥೆಯನ್ನು ಅರಿಯದವರಿಲ್ಲ. ಇಮ್ಮಡಿ ಬಲ್ಲಾಳನು ಪಟ್ಟಕ್ಕೆ ಬಂದುದು ೧೧೭೩ರಲ್ಲಿ. ಬೇಗೂರಿನ ವೀರಗಲ್ಲಿನಲ್ಲಿಯಾದರೋ ಬೆಂಗಳೂರೆಂಬ ಹೆಸರು ಸುಮಾರು ೮೯೦ರಲ್ಲಿಯೇ ಕಂಡುಬರುತ್ತದೆ. ಮುನ್ನೂರು ವರ್ಷಗಳಷ್ಟು ಹಿಂದಿನ ಒಂದು ಕಲ್ಲಿನ ಎದುರಿಗೆ ಕಥೆಯು ನಿಲ್ಲಲಾರದು. ಇದನ್ನು ಪುಸ್ತಕದಲ್ಲಿ ಓದಿದವನು ಒಂದು ಸಂಗತಿಯನ್ನು ಅರಿಯುವನು. ಬೇಗೂರಿಗೆ ಹೋಗಿ, ಅಕ್ಷರಗಳನ್ನು ಕಂಡು, ಕಾಲವನ್ನು ಲೆಕ್ಕಹಾಕಿದವನು ಒಂದು ಕ್ರಮವನ್ನೇ ಅರಿಯುವನು. ಕಲ್ಲುಗಳೆಲ್ಲ ಮುಗಿದುಹೋದುವೆಂದೂ ತಿಳಿಯಬೇಕಾಗಿಲ್ಲ. ಎಂಟನೆಯ ಶತಮಾನದ ವೀರಗಲ್ಲೊಂದು ಹೆಬ್ಬಾಳದಲ್ಲಿ ಬೆಳಕಿಗೆ ಬಂದುದು ೨೦೧೮ರಲ್ಲಿ.

ಹಾಗಾದರೆ ಅಧ್ಯಾಪಕನ ಕರ್ತವ್ಯವೇನು? ಮೇಲಣ ಚರಿತ್ರೆಯಿಂದ ಕೆಲವು ಅಂಶಗಳನ್ನು ತೆಗೆಯಬಹುದು. ವಿಷಯವು ಚಿಕ್ಕದಾಗಿರಬೇಕು, ಕುಮಾರವ್ಯಾಸನ ಕಾವ್ಯದಲ್ಲಿ ಮಾನವೀಯತೆ ಎಂಬಂಥ ಅಗಲವಾದ ವಿಷಯವು ಬಾಲಕನನ್ನು ಹೇಳಿದ ಮಾತುಗಳನ್ನೇ ಮತ್ತೆ ಹೇಳುವಂತೆ ಮಾಡುವುದು, ಒಂದು ಊರಿನ ನಾಲ್ಕು ಹೆಸರುಗಳು ಅವನನ್ನು ಯೋಚಿಸುವಂತೆ ಮಾಡುವುವು. ಆಧಾರವು ಕೈಗೆಟಕುವಂತಿರಬೇಕು. ವಾರಕ್ಕೊಮ್ಮೆಯಾದರೂ ಗುರುಶಿಷ್ಯರು ಕೂಡಬೇಕು. ಬರೆದುದನ್ನು ಸಹಪಾಠಿಗಳ ಮುಂದೆ ಓದಿಸಬೇಕು. ಕಡೆಯದಾಗಿ, ಶಿಷ್ಯನು ಕಂಡುಹಿಡಿದುದು ಶಿಷ್ಯನ ಹೆಸರಿನಲ್ಲಿಯೇ ಹೊರಬರಬೇಕು. ಈ ಕಡೆಯ ಅಂಶವನ್ನು ಮರೆತಲ್ಲಿ ಮಾರ್ಗದರ್ಶನವು ಸುಲಿಗೆಯಾಗುವುದು.

ಎದುರಿಗಿರುವ ತೊಡಕುಗಳೂ ಸಾಮಾನ್ಯವಾದುವಲ್ಲ. ಸರಕಾರದ ಕಾಲೇಜುಗಳಲ್ಲಿ ಪಾಠದ ಹೊರೆಯ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲೆ ಬಿದ್ದಿದೆ; ಮುಂದಿನ ವರ್ಷ ತಾನು ಅದೇ ಕಾಲೇಜಿನಲ್ಲಿರುವೆನೋ ಇಲ್ಲವೋ ಅರಿಯದವನು ಎರಡು ವರ್ಷಗಳ ಕೆಲಸವನ್ನು ಶಿಷ್ಯನಿಗೆ ಹೇಗೆ ಒಪ್ಪಿಸಿಯಾನು? ಸಂಘದ ಸಭೆಗೂ ಶಾಸನದ ಯಾತ್ರೆಗೂ ಕಳೆದ ಹೊತ್ತು ಅವನ ಗಂಟೆಗಳ ಲೆಕ್ಕಕ್ಕೆ ಸೇರುವುದೇ ಅಪರೂಪ. ಮತ್ತೊಂದು ಕಡೆ, ಸಂಶೋಧನೆಯನ್ನು ಎಲ್ಲರಿಗೂ ಕಡ್ಡಾಯಮಾಡಿ ಕಾಲವನ್ನೂ ಗುರುವನ್ನೂ ಕೊಡದಿದ್ದರೆ ಹುಟ್ಟುವುದು ಹೆಸರಿಗೆ ಮಾತ್ರ ಪ್ರಬಂಧ. ಹಣಕ್ಕೆ ಬರೆದುಕೊಡುವವರು ಹಿಂದೆಯೂ ಇದ್ದರು. ಯಂತ್ರವೇ ವಾಕ್ಯಗಳನ್ನು ಹೆಣೆದುಕೊಡುವ ಈ ಕಾಲದಲ್ಲಿ ಅದಕ್ಕೆ ಹಣವೂ ಬೇಡವಾಗಿದೆ. ಇದಕ್ಕೆ ಮದ್ದು ನಿಷೇಧವಲ್ಲ, ಸಾಮೀಪ್ಯ. ಶಿಷ್ಯನು ಕಲ್ಲಿನ ಮುಂದೆ ನಿಂತು ಅಕ್ಷರವನ್ನು ಬಿಡಿಸಿ ಓದಿದುದನ್ನು ಗುರುವು ಪಕ್ಕದಲ್ಲಿ ನಿಂತು ಕಂಡಿದ್ದರೆ ಅಲ್ಲಿ ಮೋಸಕ್ಕೆ ಎಡೆಯೇ ಇಲ್ಲ.

೭

೨೦೨೨ರ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಗೊತ್ತುಮಾಡಿದ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರುಗಳಲ್ಲಿ ನೂರಕ್ಕೆ ೭೫ ಅಂಕಗಳನ್ನು ಪಡೆದವರಿಗೆ ನಾಲ್ಕನೆಯ ವರ್ಷದಲ್ಲಿ ಸಂಶೋಧನಸಹಿತವಾದ ಆನರ್ಸ್ ಪದವಿಯ ಅವಕಾಶವಿದೆ. ೧೬೦ ಕ್ರೆಡಿಟ್ಟುಗಳಲ್ಲಿ ೧೨ ಪ್ರಬಂಧಕ್ಕೆ ಮೀಸಲು. ಇಲ್ಲಿ ಅಧಿಕಾರವು ಅಂಕದಿಂದ ನಿರ್ಣೀತವಾಯಿತು. ಕರ್ನಾಟಕದಲ್ಲಿ ೨೦೨೪ರ ಆಜ್ಞೆಯಿಂದ ಆ ನಾಲ್ಕನೆಯ ವರ್ಷವೂ ಹೊಸದಾಗಿ ಸೇರುವವರಿಗೆ ಇಲ್ಲವಾಯಿತು. ಅದನ್ನು ಕುರಿತು ದುಃಖಿಸುವವರೂ ಉಂಟು, ಬಡವರ ಮಕ್ಕಳಿಗೆ ಒಂದು ವರ್ಷದ ವೆಚ್ಚವು ಉಳಿಯಿತೆಂದು ಸಂತೋಷಿಸುವವರೂ ಉಂಟು. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆ. ಪೀಣ್ಯದ ಕಾರ್ಖಾನೆಯ ಸಂಬಳದಲ್ಲಿ ಸಂಸಾರವನ್ನು ತೂಗಿಸುವ ಮನೆಗೆ ಒಂದು ವರ್ಷವೆಂಬುದು ಸಣ್ಣ ಮಾತಲ್ಲ.

ಆದರೆ ಚರಿತ್ರೆಯು ಹೇಳುವುದು ಬೇರೆಯೇ ಆಗಿದೆ. ಕರ್ನಾಟಕ ಸಂಘವು ಹುಟ್ಟಿದಾಗ ನಾಲ್ಕನೆಯ ವರ್ಷದ ಯೋಜನೆಯೂ ಇರಲಿಲ್ಲ, ಕ್ರೆಡಿಟ್ಟುಗಳೂ ಇರಲಿಲ್ಲ, ಶಿಷ್ಯವೇತನವೂ ಇರಲಿಲ್ಲ. ಒಬ್ಬ ಅಧ್ಯಾಪಕ, ಒಂದು ಕೊಠಡಿ, ಪಾಠ ಮುಗಿದ ಮೇಲೆ ಉಳಿಯಲು ಒಪ್ಪಿದ ಕೆಲವರು ವಿದ್ಯಾರ್ಥಿಗಳು, ಅವರು ಬರೆದುದಕ್ಕೆ ಒಂದು ಪತ್ರಿಕೆ: ಇಷ್ಟರಿಂದ ಅದು ನಡೆಯಿತು. ವರ್ಷವನ್ನು ಸೇರಿಸುವುದೂ ತೆಗೆಯುವುದೂ ಸರಕಾರಕ್ಕೆ ಸೇರಿದುದು. ಸಂಘವನ್ನು ಕಟ್ಟುವುದು ಅಧ್ಯಾಪಕನಿಗೆ ಸೇರಿದುದು. ಸರಕಾರವೂ ವಿಶ್ವವಿದ್ಯಾನಿಲಯಗಳೂ ಮಾಡಬಹುದಾದ ಉಪಕಾರವು ಇಷ್ಟೇ: ಆ ಅಧ್ಯಾಪಕನ ಹೊತ್ತನ್ನು ಲೆಕ್ಕಕ್ಕೆ ತರುವುದು, ವಿಜ್ಞಾನದ ವಿದ್ಯಾರ್ಥಿಗಿರುವ ಬೇಸಗೆಯ ವೇತನವನ್ನು ಸಾಹಿತ್ಯ ಚರಿತ್ರೆಗಳ ವಿದ್ಯಾರ್ಥಿಗೂ ವಿಸ್ತರಿಸುವುದು. ವಿದ್ವತ್ಸಂಸ್ಥೆಗಳೂ ತಮ್ಮ ಪತ್ರಿಕೆಗಳಲ್ಲಿ ಸಂಚಿಕೆಗೊಂದರಂತೆ ಪದವಿ ವಿದ್ಯಾರ್ಥಿಯ ಲೇಖನಕ್ಕೆ ಎಡೆಗೊಟ್ಟರೆ ಅದು ‘ಪ್ರಬುದ್ಧ ಕರ್ನಾಟಕ’ದ ಋಣವನ್ನು ತೀರಿಸಿದಂತಾಗುವುದು.

ನಂದಿನಿಯೆಂಬ ಹೆಸರು ಸಂಸ್ಕೃತವನ್ನು ಓದಿದವರಿಗೆ ವಸಿಷ್ಠರ ಆಶ್ರಮದ ಹೋಮಧೇನುವನ್ನು ನೆನಪಿಗೆ ತರುವುದು. ದಿಲೀಪನು ರಾಜನಾಗಿದ್ದರೂ ಗುರುವಿನ ಮಾತಿನಂತೆ ಅದರ ಹಿಂದೆ ಹಿಂದೆ ಕಾಡಿನಲ್ಲಿ ನಡೆದನು. ಅದು ನಿಂತರೆ ನಿಂತನು, ನಡೆದರೆ ನಡೆದನು. ಫಲವು ದೊರೆತುದು ಆಮೇಲೆ. ವಿದ್ಯಾರ್ಥಿಯ ಸಂಶೋಧನೆಯನ್ನು ಪೋಷಿಸುವ ಅಧ್ಯಾಪಕನ ನಡೆಯೂ ಹೀಗೆಯೇ ಇರತಕ್ಕುದು. ಶಿಷ್ಯನ ಕುತೂಹಲವು ಹೋದ ಕಡೆ ಹಿಂಬಾಲಿಸಿ, ಅದು ನಿಂತ ಕಡೆ ಕಾದು, ಅಪಾಯ ಬಂದ ಕಡೆ ಅಡ್ಡವಾಗಬೇಕು. ಹೀಗೆ ಕಾಯತಕ್ಕ ಗುರುವಿದ್ದ ಕಡೆ ಶಿಷ್ಯನು ಅಧಿಕಾರಿಯಾಗುವನು. ಅಂಥ ಗುರುವಿಲ್ಲದ ಕಡೆ ಎಂ. ಎ. ಮುಗಿಸಿದವನೂ ಅಧಿಕಾರಿಯಾಗಲಾರನು. ಆದುದರಿಂದ ಅಧಿಕಾರದ ಪ್ರಶ್ನೆಯು ಶಿಷ್ಯನಿಗೆ ಮಾತ್ರ ಹಾಕತಕ್ಕುದಲ್ಲ. ಅದರ ಅರ್ಧವು ಗುರುವಿಗೆ ಸೇರಿದುದು.